ಐರ್ಲೆಂಡಿನ ಟಪ್ಪಾಲು ದಾರಿ

ಟಪ್ಪಾಲು ಎಂಬ ಮಾತು ನಮ್ಮ ಈ ಕರಾವಳಿಯಲ್ಲಿ ಕನ್ನಡಿಗರಿಗೂ ಮಲೆಯಾಳಿಗಳಿಗೂ ಕೂಡಿದ ಸ್ವತ್ತು. ಘಟ್ಟದ ಮೇಲಿನವರು ಅಂಚೆ ಎಂದದ್ದನ್ನು ನಾವು ಟಪ್ಪಾಲು ಎಂದೆವು. ನೆರೆಮನೆಯವರು ತಪಾಲ್ ಎಂದರು. ಕಾಗದ ಬರುತ್ತಿದ್ದುದು ಒಂದೇ ರೈಲಿನಲ್ಲಿ, ಒಂದೇ ಚೀಲದಲ್ಲಿ. ಹೀಗಾಗಿ ಈ ಸಂಚಿಕೆಗೆ ಏನಾದರೂ ಬರೆಯಿರಿ ಎಂದು ಮಿತ್ರರು ಕೇಳಿದಾಗ ಒಂದು ಟಪ್ಪಾಲು ದಾರಿಯ ಚರಿತ್ರೆಯನ್ನೇ ಆರಿಸಿಕೊಂಡೆ. ದಾರಿ ಇಲ್ಲಿಯದಲ್ಲ. ಲಂಡನ್ ನಗರದ ಯೂಸ್ಟನ್ ನಿಲ್ದಾಣದಿಂದ ವೇಲ್ಸಿನ ತುದಿಯಲ್ಲಿರುವ ಹಾಲಿಹೆಡ್ ಬಂದರಿಗೆ ಸುಮಾರು 264 ಮೈಲು ರೈಲು. ಅಲ್ಲಿಂದ 60 ಮೈಲಿಗಿಂತ ಸ್ವಲ್ಪ ಹೆಚ್ಚು ಕಡಲು. ಆಮೇಲೆ ಐರ್ಲೆಂಡಿನ ನೆಲ.

ನಾನು ಮೂವತ್ತು ವರ್ಷಕ್ಕೂ ಮಿಕ್ಕಿ ಆರ್.ಎಂ.ಎಸ್. ನೌಕರನಾಗಿದ್ದವನು. ಅಂದರೆ ರೈಲ್ವೆ ಮೈಲ್ ಸರ್ವಿಸ್. ಓಡುವ ರೈಲಿನ ಡಬ್ಬಿಯಲ್ಲಿ ನಿಂತುಕೊಂಡು, ಗೋಡೆಯ ಗೂಡುಗಳಿಗೆ ಊರೂರಿನ ಕಾಗದ ಎಸೆಯುತ್ತ ಇರುಳು ಕಳೆಯುವ ಕೆಲಸ. ಕಾಲು ಹಳಿಯ ತಾಳಕ್ಕೆ ಹೊಂದಿಕೊಂಡರೆ ಕೈ ತಾನಾಗಿ ಗೂಡು ಹುಡುಕುತ್ತದೆ. ಬ್ರಿಟಿಷರ ಹಡಗುಗಳ ಹೆಸರಿನ ಮುಂದೆಯೂ ಆರ್.ಎಂ.ಎಸ್. ಎಂಬ ಮೂರಕ್ಷರ ಇರುವುದನ್ನು ಕಂಡಾಗಲೇ ನನಗೆ ಈ ವಿಷಯದಲ್ಲಿ ಕುತೂಹಲ ಹುಟ್ಟಿದ್ದು. ಅಲ್ಲಿ ಅದರ ಅರ್ಥ ರಾಯಲ್ ಮೈಲ್ ಶಿಪ್, ಅರಸನ ಟಪ್ಪಾಲು ಹೊತ್ತ ಹಡಗು ಎಂದು.

ಉಗಿ ಬರುವ ಮೊದಲು ಆ ಕಡಲನ್ನು ದಾಟುವುದು ಗಾಳಿಯ ಮರ್ಜಿಗೆ ಬಿಟ್ಟ ಸಂಗತಿ. 1727ರ ಸೆಪ್ಟೆಂಬರಿನಲ್ಲಿ ಜೊನಾಥನ್ ಸ್ವಿಫ್ಟ್ — ಗಲಿವರನ ಪ್ರವಾಸಗಳನ್ನು ಬರೆದವನೇ — ಲಂಡನಿನಿಂದ ಡಬ್ಲಿನಿಗೆ ಹೊರಟವನು ಹಾಲಿಹೆಡ್‌ನಲ್ಲಿ ಸಿಕ್ಕಿಬಿದ್ದ. ಗಾಳಿ ಎದುರು. ಸುಮಾರು ಒಂದು ವಾರ ಆ ಕೊಳಕು ಊರಿನಲ್ಲಿ ಕುಳಿತು ಹೊತ್ತು ಹೋಗದೆ ದಿನಚರಿ ಬರೆದ. ಅದನ್ನು ತಮಾಷೆಯ ಬರಹವೆಂದು ಓದುವವರಿದ್ದಾರೆ. ಆದರೆ ಆ ದಿನಗಳಲ್ಲಿ ಡಬ್ಲಿನಿನಲ್ಲಿ ಅವನ ಜೀವದ ಗೆಳತಿ ಎಸ್ತರ್ ಜಾನ್ಸನ್, ಅವನು ಸ್ಟೆಲ್ಲಾ ಎಂದು ಕರೆಯುತ್ತಿದ್ದವಳು, ಹಾಸಿಗೆ ಹಿಡಿದಿದ್ದಳು. ಅವಳು ಬದುಕಿದ್ದಾಳೋ ಇಲ್ಲವೋ ಎಂದು ತಿಳಿಯುವುದಕ್ಕೂ ಅದೇ ಗಾಳಿ ತಿರುಗಬೇಕಾಗಿತ್ತು, ಏಕೆಂದರೆ ಕಾಗದವೂ ಅದೇ ಹಡಗಿನಲ್ಲಿ ಬರಬೇಕು. ಅವನು ಹೋಗಿ ಸೇರಿದ. ಅವಳು 1728ರ ಜನವರಿಯಲ್ಲಿ ತೀರಿಕೊಂಡಳು. ಮಳೆಗಾಲದಲ್ಲಿ ಚಂದ್ರಗಿರಿ ಹೊಳೆಯ ಕಡವಿನಲ್ಲಿ ದೋಣಿ ಬಿಡದೆ ಇತ್ತಕಡೆ ನಿಂತ ಹಳಬರ ಕಥೆಗಳನ್ನು ಕೇಳಿ ಬೆಳೆದ ನಮಗೆ ಇದು ಹೊಸತಲ್ಲ. ಹೊಳೆಯ ಬದಲು ಕಡಲು, ಅಷ್ಟೆ.

1801ರ ಜನವರಿ 1ರಿಂದ ಐರ್ಲೆಂಡಿನ ಸಂಸತ್ತನ್ನು ಮುಚ್ಚಿ ಆ ದೇಶವನ್ನು ಬ್ರಿಟನ್ನಿನೊಂದಿಗೆ ಒಂದುಗೂಡಿಸಿದರು. ದಾರಿ ಸುಧಾರಿಸಿದ್ದು ಆಮೇಲೆ. ಐರಿಶ್ ಸದಸ್ಯರು ಈಗ ಲಂಡನಿಗೆ ಹೋಗಿ ಕೂರಬೇಕು. ಹೊಂಡಗುಂಡಿಯ ವೇಲ್ಸ್ ದಾರಿಯಲ್ಲಿ ಸೊಂಟ ಮುರಿದುಕೊಂಡ ದೊಡ್ಡ ಮನುಷ್ಯರ ದೂರಿಗೆ ಬೆಲೆ ಬಂತು. ಆಳುವವರು ತಾವೇ ನಡೆಯಬೇಕಾದ ದಾರಿ ಬೇಗ ರಿಪೇರಿಯಾಗುತ್ತದೆ. ಇದು ಎಲ್ಲ ದೇಶಗಳಿಗೂ ಸಲ್ಲುವ ಮಾತು. ಥಾಮಸ್ ಟೆಲ್ಫರ್ಡ್ ಎಂಬ ಇಂಜಿನಿಯರ್ ಹೊಸ ರಸ್ತೆ ಕಟ್ಟಿದ. ಆಂಗ್ಲ್ಸಿ ದ್ವೀಪಕ್ಕೂ ವೇಲ್ಸಿಗೂ ನಡುವೆ ಇರುವ ಮೆನಾಯ್ ಎಂಬ ಕಡಲ ಸೀಳಿನ ಮೇಲೆ 579 ಅಡಿ ಅಗಲಕ್ಕೆ ತೂಗುಸೇತುವೆ ನೇತುಹಾಕಿದ. 1826ರ ಜನವರಿ 30ರಂದು ಅದು ತೆರೆದಾಗ ನಡುರಾತ್ರಿ ಕಳೆದ ಹೊತ್ತಿನಲ್ಲಿ ಮೊದಲಿಗೆ ದಾಟಿದ್ದು ಲಂಡನಿನ ಟಪ್ಪಾಲು ಗಾಡಿ. ಅದಕ್ಕೆ ಮೊದಲು ಅಲ್ಲಿ ಜನರಿಗೆ ದೋಣಿ. ಸಂತೆಗೆ ಹೊಡೆದುಕೊಂಡು ಹೋಗುವ ದನಗಳಿಗೆ ಈಜು. ಕಡಲಿನಲ್ಲಿ ಉಗಿಹಡಗು 1821ರಲ್ಲೇ ಬಂದಿತ್ತು.

ರೈಲಿನ ಕಾಲ ಶುರುವಾಗುವುದು 1848ರ ಆಗಸ್ಟ್ 1ರಿಂದ. ಅಂದು ಯೂಸ್ಟನಿನಿಂದ ‘ಐರಿಶ್ ಮೈಲ್’ ರೈಲು ಓಡತೊಡಗಿತು. ರೈಲು ಓಡಿತು ಎಂದರೂ ಪೂರ್ತಿ ಓಡಲಿಲ್ಲ. ಮೆನಾಯ್ ಸೀಳಿನ ಮೇಲೆ ರೈಲುಸೇತುವೆ ಇನ್ನೂ ಮುಗಿದಿರಲಿಲ್ಲ. ಬ್ಯಾಂಗರ್ ಊರಿನಲ್ಲಿ ಇಳಿದು, ಕುದುರೆಗಾಡಿಯಲ್ಲಿ ಟೆಲ್ಫರ್ಡನ ಸೇತುವೆ ದಾಟಿ, ಆಚೆ ಮತ್ತೆ ರೈಲು ಹತ್ತಬೇಕು. ಈ ಪರದಾಟ 1850ರ ಮಾರ್ಚಿಯವರೆಗೆ. ಆಗ ರಾಬರ್ಟ್ ಸ್ಟೀಫನ್ಸನ್ ಕಟ್ಟಿದ ಬ್ರಿಟಾನಿಯಾ ಸೇತುವೆ ತೆರೆಯಿತು. ಅದು ವಿಚಿತ್ರ ಸೇತುವೆ. ಕಬ್ಬಿಣದ ತಗಡುಗಳನ್ನು ಜೋಡಿಸಿ ಮಾಡಿದ ಎರಡು ದೊಡ್ಡ ಚೌಕ ಕೊಳವೆಗಳು, ಅವುಗಳ ಹೊಟ್ಟೆಯೊಳಗೆ ರೈಲು. ನೂರಿಪ್ಪತ್ತು ವರ್ಷ ಬಾಳಿದ ಈ ಸೇತುವೆಯನ್ನು 1970ರ ಮೇ 23ರ ರಾತ್ರಿ ಕೆಲವು ಹುಡುಗರು ಸುಟ್ಟರು, ಬೇಕೆಂದಲ್ಲ. ಕೊಳವೆಯೊಳಗೆ ಬೆಳಕಿಗೆ ಹಿಡಿದಿದ್ದ ಪಂಜು ಕೈಜಾರಿತು. ಡಾಂಬರು ಬಳಿದ ಮರದ ಮಾಡಿಗೆ ಬೆಂಕಿ ಹತ್ತಿ ಕಬ್ಬಿಣ ಬಗ್ಗಿಹೋಯಿತು. ಕೆಳಗೆ ಕಮಾನು ಕೊಟ್ಟು 1972ರಲ್ಲಿ ಮತ್ತೆ ರೈಲು ಬಿಟ್ಟರು, 1980ರಲ್ಲಿ ಮೇಲೊಂದು ಮೋಟಾರು ರಸ್ತೆ ಬಂತು. ಸೇತುವೆಯ ಬಾಗಿಲಲ್ಲಿ ಸ್ಟೀಫನ್ಸನನ ಕಾಲದ ನಾಲ್ಕು ಕಲ್ಲಿನ ಸಿಂಹಗಳು ಈಗಲೂ ಕೂತಿವೆ. ಮೇಲಿನ ರಸ್ತೆಯಲ್ಲಿ ಹೋಗುವವರ ಕಣ್ಣಿಗೆ ಅವು ಬೀಳುವುದಿಲ್ಲ. ರೈಲಿನವರಿಗೆ ಮಾತ್ರ ದರ್ಶನ.

ಟಪ್ಪಾಲಿನ ಆತುರ ಆ ದಾರಿಗೆ ಬಹಳ ಹೊಸತನ್ನು ತಂದಿತು. 1860ರಲ್ಲಿ ಸರ್ಕಾರ ಹೊಸ ಕರಾರು ಮಾಡಿಕೊಂಡು, ಹಡಗು ಮೂರು ಮುಕ್ಕಾಲು ಗಂಟೆಯಲ್ಲಿ ಕಡಲು ದಾಟಬೇಕು, ತಪ್ಪಿದರೆ ನಿಮಿಷದ ಲೆಕ್ಕದಲ್ಲಿ ದಂಡ ಎಂದು ವಿಧಿಸಿತು. ರೈಲೂ ಅದಕ್ಕೆ ತಕ್ಕಂತೆ ಓಡಬೇಕಲ್ಲ? ನೀರು ಕುಡಿಯಲು ಇಂಜಿನ್ ನಿಂತರೆ ಹೊತ್ತು ಹೋಗುತ್ತದೆ. ಜಾನ್ ರ್ಯಾಮ್ಸ್‌ಬಾಟಮ್ ಎಂಬವನು ಮೊಕ್ಡ್ರೆ ಎಂಬಲ್ಲಿ ಎರಡು ಹಳಿಗಳ ನಡುವೆ ಉದ್ದನೆಯ ನೀರಿನ ದೋಣಿ ಹಾಸಿದ. ಓಡುತ್ತಿರುವ ಇಂಜಿನ್ ಒಂದು ಸೊಂಡಿಲನ್ನು ಇಳಿಸಿ ನೀರು ಸೀಪಿಕೊಂಡು ಮುಂದೆ ಹೋಗುತ್ತಿತ್ತು. ಲೋಕದಲ್ಲಿ ಇಂಥದು ಅದೇ ಮೊದಲು. ಆತುರದ ದಾರಿಯಲ್ಲಿ ಅನಾಹುತವೂ ಇತ್ತು. 1868ರ ಆಗಸ್ಟ್ 20ರಂದು ಅಬರ್ಗೆಲಿ ಎಂಬಲ್ಲಿ, ಇಳಿಜಾರಿನಲ್ಲಿ ತಪ್ಪಿಸಿಕೊಂಡು ಬಂದ ಸೀಮೆಎಣ್ಣೆಯ ವ್ಯಾಗನುಗಳಿಗೆ ಐರಿಶ್ ಮೈಲ್ ಡಿಕ್ಕಿ ಹೊಡೆದು 33 ಜನ ಉರಿದುಹೋದರು.

ಅದೇ 1860ರಲ್ಲಿ ಸಿಟಿ ಆಫ್ ಡಬ್ಲಿನ್ ಎಂಬ ಹಡಗಿನ ಕಂಪೆನಿ ನಾಲ್ಕು ಹೊಸ ಹಡಗು ಇಳಿಸಿತು. ಐರ್ಲೆಂಡಿನ ನಾಲ್ಕು ಪ್ರಾಂತಗಳ ಹೆಸರು: ಲೀನ್‌ಸ್ಟರ್, ಮನ್‌ಸ್ಟರ್, ಅಲ್‌ಸ್ಟರ್, ಕಾನಾಟ್. ಶತಮಾನದ ಕೊನೆಗೆ ಅವು ಹಳತಾದಾಗ ಅದೇ ಹೆಸರಿನ ಬೇರೆ ನಾಲ್ಕು ಬಂದವು. ಹಡಗಿನಲ್ಲೇ ಟಪ್ಪಾಲು ವಿಂಗಡಿಸುವ ಕೋಣೆ ಇತ್ತು. ರೈಲಿನಲ್ಲಿ ಅರ್ಧ, ಹಡಗಿನಲ್ಲಿ ಇನ್ನರ್ಧ. ದಡ ಸೇರುವಾಗ ಪ್ರತಿ ಊರಿನ ಚೀಲ ಸಿದ್ಧ.

ಇನ್ನೊಂದು ಸೋಜಿಗ ಹೇಳಬೇಕು. ಬ್ರಿಟನ್ನಿನ ರೈಲು ಹಳಿಯ ಅಗಲ 4 ಅಡಿ ಎಂಟೂವರೆ ಅಂಗುಲ. ಐರ್ಲೆಂಡಿನದು 5 ಅಡಿ 3 ಅಂಗುಲ. ನಮ್ಮ ಕಾಸರಗೋಡಿನ ಮೇಲಿಂದ 1907ರಲ್ಲಿ ಮಂಗಳೂರು ಮುಟ್ಟಿದ ಹಳಿ 5 ಅಡಿ 6 ಅಂಗುಲ. ಒಂದೇ ರಾಜ್ಯಭಾರದ ಕೆಳಗೆ ಮೂರು ಅಳತೆ! ರೈಲಿನ ಡಬ್ಬಿಗಳನ್ನೇ ಹಡಗಿನಲ್ಲಿ ಏರಿಸಿ ಆಚೆಗೆ ಸಾಗಿಸುವ ಪದ್ಧತಿ ಯುರೋಪಿನ ಬೇರೆ ಕಡೆ ಇದೆ. ಐರಿಶ್ ಕಡಲಿನಲ್ಲಿ ಅದಕ್ಕೆ ಅವಕಾಶವೇ ಇರಲಿಲ್ಲ. ಮನುಷ್ಯ ತನ್ನ ಗಂಟು ತಾನೇ ಹೊತ್ತು ಇಳಿಯಬೇಕು, ಹತ್ತಬೇಕು, ಮತ್ತೆ ಇಳಿಯಬೇಕು. ನಡುರಾತ್ರಿ ಹಾಲಿಹೆಡ್‌ನಲ್ಲಿ ನಿದ್ದೆಯ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು ನಡೆಯುವ ಸಾಲು ಆ ದಾರಿಯ ಸ್ಥಿರಚಿತ್ರವಾಯಿತು.

ಹೊತ್ತೂ ಬೇರೆಯಾಗಿತ್ತು. 1880ರ ಕಾಯಿದೆಯಂತೆ ಡಬ್ಲಿನ್ ಗಡಿಯಾರ ಲಂಡನಿನದಕ್ಕಿಂತ 25 ನಿಮಿಷ 21 ಸೆಕೆಂಡು ಹಿಂದೆ. 1916ರ ಅಕ್ಟೋಬರ್ 1ರಂದು ಅದನ್ನು ಲಂಡನಿನ ಹೊತ್ತಿಗೆ ಸೇರಿಸಿಬಿಟ್ಟರು. ಐರಿಶ್ ಬಂಡಾಯವನ್ನು ಗುಂಡಿಟ್ಟು ಅಡಗಿಸಿ ಆಗ ಐದೇ ತಿಂಗಳಾಗಿತ್ತು. ತಮ್ಮ ಹೊತ್ತನ್ನೂ ಕಿತ್ತುಕೊಂಡರು ಎಂದು ಅಲ್ಲಿಯ ಕೆಲವರಿಗೆ ಅನಿಸಿದ್ದು ಸಹಜ. ಈ ಹೊತ್ತಿಗೂ ಟಪ್ಪಾಲಿಗೂ ಸಂಬಂಧವಿದೆ. ಲಂಡನಿನ ನೌಕಾ ಇಲಾಖೆಯ ಸೇವಕನೊಬ್ಬ ದಿನವೂ ಸರಿಯಾದ ಹೊತ್ತು ಕೂಡಿಸಿದ ಒಂದು ಗಡಿಯಾರವನ್ನು ತಂದು ಐರಿಶ್ ಮೈಲ್ ರೈಲಿನವರ ಕೈಗೆ ಕೊಡುವನು. ಹಾಲಿಹೆಡ್‌ನಲ್ಲಿ ಅದನ್ನು ಡಬ್ಲಿನಿಗೆ ಹೋಗುವ ಹಡಗಿನವರಿಗೆ ತೋರಿಸಿ, ಮರುರೈಲಿನಲ್ಲಿ ಹಿಂದೆ ಒಯ್ದು ಕೊಡುವರು. ತಂತಿ ಬಂತು, ರೇಡಿಯೋ ಬಂತು, ಗಡಿಯಾರದ ಪ್ರಯಾಣ ನಿಲ್ಲಲಿಲ್ಲ, 1939ರವರೆಗೂ ನಡೆಯಿತು. ಸರ್ಕಾರಿ ಕಚೇರಿಯಲ್ಲಿ ದುಡಿದವರಿಗೆ ಇದರಲ್ಲಿ ಆಶ್ಚರ್ಯ ಕಾಣದು. ನಿಲ್ಲಿಸಿ ಎಂದು ಯಾರೂ ಆದೇಶ ಮಾಡಿರಲಿಲ್ಲ.

ಈಗ ಲೀನ್‌ಸ್ಟರ್ ಹಡಗಿನ ಮಾತು. ನನಗೆ ಈ ಇಡೀ ಚರಿತ್ರೆಯಲ್ಲಿ ಮುಖ್ಯವಾದದ್ದು ಇದೇ.

1918ರ ಅಕ್ಟೋಬರ್ 10, ಗುರುವಾರ. ಮಹಾಯುದ್ಧ ಮುಗಿಯಲು ಒಂದು ತಿಂಗಳು ಒಂದು ದಿನ ಬಾಕಿ. ಬೆಳಿಗ್ಗೆ ಒಂಬತ್ತಕ್ಕೆ ಸ್ವಲ್ಪ ಮೊದಲು ಆರ್.ಎಂ.ಎಸ್. ಲೀನ್‌ಸ್ಟರ್ ಡಬ್ಲಿನಿನ ಪಕ್ಕದ ಕಿಂಗ್ಸ್‌ಟೌನ್ ಬಂದರಿನಿಂದ ಹೊರಟಿತು. ಒಳಗೆ ಏಳುನೂರಕ್ಕೂ ಹೆಚ್ಚು ಜನ. ಬಹುಪಾಲು ರಜೆ ಮುಗಿಸಿ ಮರಳುವ ಸೈನಿಕರು. ಉಳಿದವರು ಸಾಮಾನ್ಯ ಪ್ರಯಾಣಿಕರು, ಹೆಂಗಸರು, ಮಕ್ಕಳು, ದಾದಿಯರು. ಹಡಗಿನ ಮುಂಭಾಗದ ಕೆಳ ಅಂತಸ್ತಿನಲ್ಲಿ ಡಬ್ಲಿನ್ ಅಂಚೆಕಚೇರಿಯ 22 ಮಂದಿ ವಿಂಗಡಣೆಗಾರರು ಆಗಲೇ ಕೆಲಸ ಶುರುಮಾಡಿದ್ದರು. ಬಂದರು ಬಿಟ್ಟು ಒಂದು ಗಂಟೆಯೂ ಆಗಿರಲಿಲ್ಲ. ಕಿಶ್ ಎಂಬ ಮರಳುದಿಬ್ಬದ ಆಚೆ ಜರ್ಮನಿಯ ಯು.ಬಿ. 123 ಎಂಬ ಜಲಾಂತರ್ನೌಕೆ ಕಾದಿತ್ತು. ಮೊದಲ ಟಾರ್ಪೆಡೊ ಗುರಿ ತಪ್ಪಿತು. ಎರಡನೆಯದು ನೇರ ಟಪ್ಪಾಲು ಕೋಣೆಯ ಬಳಿಗೇ ಹೊಡೆಯಿತು. ಹಡಗು ತಿರುಗಿ ಬಂದರಿಗೆ ಮರಳಲು ನೋಡುತ್ತಿದ್ದಂತೆ ಮೂರನೆಯದು ಬಡಿದು ಮುಳುಗಿಸಿತು.

ಆಗ ಪ್ರಕಟವಾದ ಅಧಿಕೃತ ಲೆಕ್ಕದಲ್ಲಿ ಸತ್ತವರು 501. ಈಚಿನ ಸಂಶೋಧಕರು ಒಂದೊಂದೇ ಹೆಸರು ಹುಡುಕಿ 560ಕ್ಕಿಂತ ಮೇಲೆ ಎಂದಿದ್ದಾರೆ. ಐರಿಶ್ ಕಡಲು ಕಂಡ ಅತಿ ದೊಡ್ಡ ಸಾವು ಅದು. ಕಪ್ತಾನ ವಿಲಿಯಮ್ ಬರ್ಚ್ ಹೋದ. 22 ವಿಂಗಡಣೆಗಾರರಲ್ಲಿ 21 ಮಂದಿ ಹೋದರು. ಒಬ್ಬ ಉಳಿದ. ಯು.ಬಿ. 123 ಕೂಡ ಮನೆ ಮುಟ್ಟಲಿಲ್ಲ; ಹತ್ತು ದಿನ ಕಳೆಯುವುದರೊಳಗೆ ಉತ್ತರ ಸಮುದ್ರದ ಮೈನುಗಳ ಸಾಲಿನಲ್ಲಿ ಎಲ್ಲ ನಾವಿಕರೊಂದಿಗೆ ನಾಶವಾಯಿತು.

ಆ ಕೋಣೆಯನ್ನು ನಾನು ಕಣ್ಣಿಗೆ ತಂದುಕೊಳ್ಳಬಲ್ಲೆ. ಗೂಡುಗಳ ಮುಂದೆ ಒತ್ತೊತ್ತಾಗಿ ನಿಂತ ಇಪ್ಪತ್ತೆರಡು ಬೆನ್ನುಗಳು, ಕಾಲ ಬುಡದಲ್ಲಿ ಚೀಲಗಳು, ಕಿಟಕಿ ಇಲ್ಲದ ಗೋಡೆ. ಮೈಲ್ ರೈಲಿನ ಡಬ್ಬಿಯಲ್ಲಿ ನಮ್ಮದೂ ಹಾಗೆಯೇ. ಹೊರಗೆ ಏನಾಗುತ್ತಿದೆ ಎಂದು ಒಳಗಿನವನಿಗೆ ತಿಳಿಯದು. ಕೈಯಲ್ಲಿರುವ ಕಾಗದದ ವಿಳಾಸ ಒಂದೇ ಲೋಕ. ಅವರು ಸೈನಿಕರಲ್ಲ, ಯಾರ ಮೇಲೂ ಯುದ್ಧ ಹೂಡಿದವರಲ್ಲ. ಅವರ ಕೈಯಲ್ಲಿ ಅಂದು ಇದ್ದದ್ದು ಯಾರೋ ತಾಯಿ ಮಗನಿಗೆ, ಯಾರೋ ಸಾಲಿಗ ಸಾಹುಕಾರನಿಗೆ ಬರೆದ ಕಾಗದಗಳು.

ಸ್ವತಂತ್ರ ಐರ್ಲೆಂಡ್ ಬಹುಕಾಲ ಈ ಸಾವನ್ನು ಎತ್ತಿ ಆಡಲಿಲ್ಲ. ಹಡಗಿನಲ್ಲಿದ್ದ ಸೈನಿಕರು ಬ್ರಿಟಿಷ್ ಸಮವಸ್ತ್ರದವರು. ಅವರಲ್ಲಿ ಅನೇಕರು ಐರಿಶರೇ ಆದರೂ ಹೊಸ ರಾಷ್ಟ್ರಕ್ಕೆ ಅವರನ್ನು ನೆನೆಯುವುದು ಇರುಸುಮುರುಸು. ಅವರ ಜೊತೆ ಟಪ್ಪಾಲಿನವರೂ ಮರೆತುಹೋದರು. ಗಡಿಯ ಎರಡು ಕಡೆಗೂ ಪೂರ್ತಿ ಸೇರದವರ ಪಾಡು ಯಾವಾಗಲೂ ಹೀಗೇ ಎಂದು ನಮ್ಮ ಊರಿನವರಿಗೆ ವಿವರಿಸಬೇಕಾಗಿಲ್ಲ. 1991ರಲ್ಲಿ ಮುಳುಗುಗಾರರು ಮೇಲೆತ್ತಿದ ಹಡಗಿನ ಲಂಗರನ್ನು 1996ರ ಜನವರಿಯಲ್ಲಿ ಬಂದರಿನ ಎದುರು ಸ್ಮಾರಕವಾಗಿ ಇಟ್ಟರು. 2019ರ ಬೇಸಿಗೆಯಲ್ಲಿ ನಾನು ಅದರ ಮುಂದೆ ನಿಂತಿದ್ದೆ. ಪಕ್ಕದಲ್ಲಿ ಮಕ್ಕಳು ಐಸ್‌ಕ್ರೀಮ್ ತಿನ್ನುತ್ತಿದ್ದರು.

ಬಂದರಿನ ಹೆಸರಿನದೂ ಒಂದು ಕಥೆ. ಮೊದಲು ಡನ್‌ಲೀರಿ. 1821ರಲ್ಲಿ ನಾಲ್ಕನೆಯ ಜಾರ್ಜ್ ಅರಸ ಬಂದು ಹೋದನೆಂದು ಕಿಂಗ್ಸ್‌ಟೌನ್. 1920ರಲ್ಲಿ ಮತ್ತೆ ಹಳೆಯ ಹೆಸರು, ಈ ಸಲ ಐರಿಶ್ ಅಕ್ಷರಜೋಡಣೆಯಲ್ಲಿ. ಬರೆಯುವುದು ಉದ್ದ, ಉಚ್ಚರಿಸುವುದು ಡನ್‌ಲೀರಿ ಎಂದೇ. ಎದುರು ದಡದ ಹಾಲಿಹೆಡ್ ವೇಲ್ಸ್ ಭಾಷೆಯಲ್ಲಿ ಕೈರ್‌ಗುಬಿ. ನಿಲ್ದಾಣದ ಫಲಕದಲ್ಲಿ ಎರಡೂ ಇವೆ. ಮಂಜೇಶ್ವರವನ್ನೂ ಕುಂಬಳೆಯನ್ನೂ ಎರಡೆರಡು ಬಗೆಯಲ್ಲಿ ಓದಿ ಅಭ್ಯಾಸವಿರುವ ನನಗೆ ಆ ಫಲಕಗಳ ಮುಂದೆ ಪರಕೀಯ ಎನಿಸಲಿಲ್ಲ.

1921ರಲ್ಲಿ ಐರ್ಲೆಂಡಿನ ಭವಿಷ್ಯ ಇದೇ ಹಡಗಿನಲ್ಲಿ ಹೋಗಿ ಬಂದು ಮಾಡಿತು. ಸಂಧಾನಕ್ಕೆ ಹೋದ ಮೈಕೆಲ್ ಕಾಲಿನ್ಸ್ ಮುಂತಾದವರು ಡಿಸೆಂಬರ್ 3ರ ಸಂಪುಟ ಸಭೆಗಾಗಿ ರಾತ್ರಿಯ ಹಡಗಿನಲ್ಲಿ ಡಬ್ಲಿನಿಗೆ ಮರಳುತ್ತಿದ್ದಾಗ ಆ ಹಡಗು ಕತ್ತಲೆಯಲ್ಲಿ ಒಂದು ಹಾಯಿಹಡಗಿಗೆ ಬಡಿಯಿತು. ಅದರಲ್ಲಿದ್ದ ಮೂವರು ಮುಳುಗಿದರು. ನಾಯಕರು ನಿದ್ದೆಗೆಟ್ಟು, ತಡವಾಗಿ ಬಂದು ಸಭೆಯಲ್ಲಿ ಕುಳಿತರು. ಅಂಥ ಸ್ಥಿತಿಯಲ್ಲಿ ಚರ್ಚಿಸಿ, ಮತ್ತೆ ಅದೇ ದಾರಿಯಲ್ಲಿ ಲಂಡನಿಗೆ ಹೋಗಿ, 6ರಂದು ಒಪ್ಪಂದಕ್ಕೆ ರುಜು ಹಾಕಿದರು. ಆ ರುಜುವಿನ ಬೆನ್ನಿಗೆ ಅಂತರ್ಯುದ್ಧ ಬಂತು. 1923ರ ಏಪ್ರಿಲ್ 1ರಿಂದ ಎರಡು ದೇಶಗಳ ನಡುವೆ ಸುಂಕದ ಗಡಿ ಬಿದ್ದು, ಹಾಲಿಹೆಡ್‌ನಲ್ಲಿ ಪೆಟ್ಟಿಗೆ ಬಿಚ್ಚಿ ತೋರಿಸುವುದು ಶುರುವಾಯಿತು. ಐರ್ಲೆಂಡಿನಲ್ಲಿ ಕೆಂಪು ಟಪ್ಪಾಲು ಪೆಟ್ಟಿಗೆಗಳಿಗೆ ಹಸಿರು ಬಳಿದರು. ಪೆಟ್ಟಿಗೆಯ ಮೇಲೆ ಎರಕದಲ್ಲಿದ್ದ ಬ್ರಿಟಿಷ್ ಅರಸರ ಮುದ್ರೆ ಹಸಿರು ಬಣ್ಣದ ಅಡಿಯಲ್ಲಿ ಇಂದಿಗೂ ಕಾಣುತ್ತದೆ.

ಸ್ವಾತಂತ್ರ್ಯ ಬಂದ ಮೇಲೆ ಹಡಗು ಖಾಲಿಯಾಗಬೇಕಿತ್ತು, ಆದದ್ದು ವಿರುದ್ಧ. 1951ರಿಂದ 1961ರೊಳಗೆ ಸುಮಾರು 4 ಲಕ್ಷ ಜನ ದೇಶ ಬಿಟ್ಟರು. ಹೆಚ್ಚಿನವರು ಹೋದದ್ದು ಬ್ರಿಟನ್ನಿಗೆ. 1961ರ ಜನಗಣತಿಯಲ್ಲಿ ಐರಿಶ್ ಗಣರಾಜ್ಯದಲ್ಲಿ ಉಳಿದವರು 28 ಲಕ್ಷ ಚಿಲ್ಲರೆ. ಹಳ್ಳಿಯ ಹುಡುಗರು ರಸ್ತೆ ಅಗೆಯಲು, ಹುಡುಗಿಯರು ಆಸ್ಪತ್ರೆಯ ದಾದಿಯರಾಗಲು ಹೊರಟರು. ರಾತ್ರಿ ಹಡಗು, ನಸುಕಿನ ರೈಲು, ಯೂಸ್ಟನ್. ಇಳಿದವರು ದೂರ ಹೋಗಲಿಲ್ಲ. ನಿಲ್ದಾಣದ ಆಸುಪಾಸಿನ ಕ್ಯಾಮ್ಡನ್ ಟೌನ್, ಕಿಲ್‌ಬರ್ನ್ ಐರಿಶರ ಕೇರಿಗಳಾದವು. ಬೊಂಬಾಯಿಗೆ ಹೋಟೆಲು ಕೆಲಸಕ್ಕೆ ಹೋದ ನಮ್ಮ ಹುಡುಗರೂ, ಗಲ್ಫಿಗೆ ಹೋದವರೂ ಮನೆಗೆ ಕಳಿಸಿದ ಮನಿಯಾರ್ಡರುಗಳನ್ನು ಎಷ್ಟೋ ವರ್ಷ ಎಣಿಸಿದ ಕೈ ನನ್ನದು. ಅಲ್ಲಿಯೂ ಪ್ರತಿ ವಾರ ಅದೇ ಹಣ, ಅದೇ ತಾಯಂದಿರು. ಬೇರೆ ಕಾರಣಕ್ಕೆ ಹೋದವರೂ ಇದ್ದರು. ಗರ್ಭಪಾತಕ್ಕೆ ಐರ್ಲೆಂಡಿನ ಕಾನೂನು ಅವಕಾಶ ಕೊಡದ ಕಾಲದಲ್ಲಿ ಸಾವಿರಾರು ಹೆಂಗಸರು ಯಾರಿಗೂ ಹೇಳದೆ ಇಂಗ್ಲೆಂಡಿಗೆ ದಾಟಿ ಮರಳಿದರು. 2018ರ ಜನಮತದವರೆಗೂ ಅದು ನಡೆಯಿತು.

ಇನ್ನೊಂದು ದಾರಿ ಲ್ಯಾಂಕಶೈರಿನ ಹೀಶಮ್‌ನಿಂದ ಬೆಲ್‌ಫಾಸ್ಟಿಗೆ. 1974ರ ನವೆಂಬರ್ 21ರ ಸಂಜೆ ಬರ್ಮಿಂಗಮ್ಮಿನ ಐವರು ಐರಿಶ್ ಕೆಲಸಗಾರರು ಊರ ಕಡೆಯ ಒಂದು ಶವಸಂಸ್ಕಾರಕ್ಕೆಂದು ಹೀಶಮ್ ರೈಲು ಹತ್ತಿದರು. ರೈಲು ಹೊರಟ ಸ್ವಲ್ಪ ಹೊತ್ತಿನಲ್ಲಿ ಬರ್ಮಿಂಗಮ್ಮಿನ ಎರಡು ಮದ್ಯದಂಗಡಿಗಳಲ್ಲಿ ಬಾಂಬು ಸಿಡಿದು 21 ಜನ ಸತ್ತರು. ಹಡಗು ಹತ್ತುವ ಬಾಗಿಲಲ್ಲಿ ಪೊಲೀಸರು ಇವರನ್ನು ಹಿಡಿದರು; ಆರನೆಯವನನ್ನು ಊರಿನಲ್ಲಿ ಹಿಡಿದರು. ಹೊಡೆದು ಬರೆಸಿಕೊಂಡ ತಪ್ಪೊಪ್ಪಿಗೆಯ ಮೇಲೆ ಆರು ಮಂದಿಗೂ ಜೀವಾವಧಿ. ಹದಿನಾರು ವರ್ಷ ಕಳೆದು 1991ರ ಮಾರ್ಚ್ 14ರಂದು ನ್ಯಾಯಾಲಯ ಆ ತೀರ್ಪನ್ನು ರದ್ದುಮಾಡಿ ಬಿಡುಗಡೆ ಮಾಡಿತು. ಅಂದು ರಾತ್ರಿ ರೈಲಿನಲ್ಲಿದ್ದದ್ದೇ ಅವರ ಅಪರಾಧವಾಗಿತ್ತು.

ಈ ಕಡಲನ್ನು ದಾಟಿದವರಲ್ಲಿ ನಮಗೆ ಪರಿಚಿತರೂ ಇದ್ದಾರೆ. ಬೆಲ್‌ಫಾಸ್ಟಿನ ಜೇಮ್ಸ್ ಕಸಿನ್ಸ್ ಮತ್ತು ಅವರ ಹೆಂಡತಿ ಮಾರ್ಗರೆಟ್ 1913ರಲ್ಲಿ ಡಬ್ಲಿನ್ ಬಿಟ್ಟು ಲಿವರ್‌ಪೂಲಿಗೆ, 1915ರಲ್ಲಿ ಅಲ್ಲಿಂದ ಭಾರತಕ್ಕೆ ಬಂದರು. ಮಾರ್ಗರೆಟ್ ನಮ್ಮ ಮಂಗಳೂರಿನ ರಾಷ್ಟ್ರೀಯ ಬಾಲಿಕಾ ಶಾಲೆಯ ಮೊದಲ ಮುಖ್ಯಸ್ಥೆಯಾಗಿದ್ದರು. 1924ರಲ್ಲಿ ಮೈಸೂರಿಗೆ ಬಂದಿದ್ದ ಜೇಮ್ಸ್, ಇಂಗ್ಲಿಷಿನಲ್ಲಿ ಕವಿತೆ ಬರೆದು ತೋರಿಸಲು ಬಂದ ಒಬ್ಬ ತರುಣನಿಗೆ ನಿನ್ನ ಭಾಷೆಯಲ್ಲಿ ಬರೆ ಎಂದರು. ಆ ತರುಣ ಕುವೆಂಪು. ಮುಂದೆ ಕಸಿನ್ಸ್ ತಿರುವಿತಾಂಕೂರಿಗೆ ಹೋಗಿ ಅಲ್ಲಿಯ ಕಲಾ ಸಲಹೆಗಾರರಾದರು. ತಿರುವನಂತಪುರದ ಚಿತ್ರಾಲಯ 1935ರಲ್ಲಿ ತೆರೆದದ್ದು ಅವರ ಶ್ರಮದಿಂದ. ಹೀಗೆ ಈ ವಾರ್ಷಿಕದ ಎರಡು ಭಾಷೆಗಳವರಿಗೂ ಅವರು ಬೇಕಾದವರು. ಇಂಗ್ಲಿಷಿನ ನೆರಳಿನಲ್ಲಿ ತನ್ನ ನಾಡಿನ ಭಾಷೆ ಬಾಡಿದ್ದನ್ನು ಕಂಡ ಐರಿಶನ ಬಾಯಲ್ಲಿ ಆ ಬುದ್ಧಿವಾದ ಬಂದದ್ದು ಬರಿಯ ಶಿಷ್ಟಾಚಾರವಲ್ಲ ಎಂದು ನನ್ನ ನಂಬಿಕೆ.

ನಾನು ಹೋದಾಗ ಮಗಳು ಮ್ಯಾಂಚೆಸ್ಟರಿನಲ್ಲಿದ್ದಳು. ರೈಲು ಹಡಗು ಎರಡಕ್ಕೂ ಸೇರಿ ಒಂದೇ ಟಿಕೇಟು ಈಗಲೂ ಕೊಡುತ್ತಾರೆ. ಭಾರತೀಯರಿಗೆ 2015ರಿಂದ, ಮುದ್ರೆಯೊಂದು ಬಿದ್ದಿದ್ದರೆ, ಬ್ರಿಟನ್ನಿನ ವೀಸಾದಲ್ಲೇ ಐರ್ಲೆಂಡಿಗೂ ಹೋಗಬಹುದು. ಚೆಸ್ಟರ್ ದಾಟಿದ ಮೇಲೆ ಬಲಕ್ಕೆ ಕಡಲು, ಕಾನ್ವಿ ಕೋಟೆಯ ಬುಡಕ್ಕೆ ತಾಗಿಕೊಂಡೇ ಹಳಿ. ಹಡಗಿನ ಹೆಸರು ಯುಲಿಸಿಸ್, ಜೇಮ್ಸ್ ಜಾಯ್ಸನ ಕಾದಂಬರಿಯದು. ಡಬ್ಲಿನ್ ಬಂದರಿನಲ್ಲಿ ಇಳಿಸಿದರು. ಡನ್‌ಲೀರಿಗೆ ಪ್ರತ್ಯೇಕ ರೈಲಿನಲ್ಲಿ ಹೋಗಬೇಕಾಯಿತು. 1996ರಲ್ಲಿ ಅಲ್ಲಿಗೆ ಬಂದ, ಒಂದೂವರೆ ಗಂಟೆಯ ಸುಮಾರಿಗೆ ಕಡಲು ದಾಟುತ್ತಿದ್ದ ದೈತ್ಯ ವೇಗದ ಹಡಗು ಎಣ್ಣೆಯ ಖರ್ಚು ತಾಳದೆ 2014ರ ಸೆಪ್ಟೆಂಬರಿನಲ್ಲಿ ನಿಂತುಹೋಯಿತು. ಹಡಗುಕಟ್ಟೆಯ ಮೇಲೆ ಈಗ ಜನ ಸಂಜೆ ಗಾಳಿಸೇವನೆಗೆ ನಡೆಯುತ್ತಾರೆ.

2024ರ ಡಿಸೆಂಬರಿನಲ್ಲಿ ಡಾರಾ ಎಂಬ ಬಿರುಗಾಳಿಯ ಹೊತ್ತಿಗೆ ಹಾಲಿಹೆಡ್‌ನ ಕಟ್ಟೆಗೆ ಪೆಟ್ಟಾಗಿ ಬಂದರು ಮುಚ್ಚಿತು. ಕ್ರಿಸ್‌ಮಸ್ಸಿಗೆ ಮನೆಗೆ ಹೊರಟವರು ಬೇರೆ ಬಂದರುಗಳಿಗೆ ಅಲೆದರು, ಉಡುಗೊರೆಯ ಪಾರ್ಸೆಲುಗಳು ಉಗ್ರಾಣಗಳಲ್ಲಿ ಉಳಿದವು. ಒಂದು ಕಟ್ಟೆ ಮತ್ತೆ ತೆರೆದದ್ದು 2025ರ ಜನವರಿ 16ರಂದು.